ಗಿರಿ ಮೇಲಿನ ಹುಳಗಳು, ಏರ್ತಿರೋ ಸೆಕೆ: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮದು ಚಿಕ್ಕಮಗಳೂರು ಗಿರಿ ಬುಡದಲ್ಲಿ ಒಂದು ಸಣ್ಣ ಕಾಫಿ ತೋಟ. ರಾತ್ರಿ ಬಿಳಿ ಪಂಚೆ ಕಟ್ಟಿ, ಲೈಟ್ ಹಾಕಿ, ಬಂದು ಕೂರೋ ಪತಂಗಗಳ ಫೋಟೋ ತೆಗೆಯೋ ಹುಚ್ಚು ನನಗೆ ಹತ್ತಿ ಸುಮಾರು ವರ್ಷ ಆಯ್ತು. ಇದು ಊರಿಗೆಲ್ಲ ಗೊತ್ತಾದ್ಮೇಲೆ ನೆಂಟರು, ಪಕ್ಕದ ತೋಟದವರು, ಟ್ರೆಕ್ಕಿಂಗಿಗೆ ಬರೋ ಹುಡುಗರು ಎಲ್ರೂ ಸೇರ್ಕೊಂಡು ಅದೇ ಅದೇ ಪ್ರಶ್ನೆ ಕೇಳ್ತಾರೆ. ಪ್ರತಿ ಸಲ ಮೊದಲಿಂದ ಹೇಳೋ ಬದಲು ಇಲ್ಲಿ ಬರೆದಿಟ್ಟಿದೀನಿ. ನಾನು ವಿಜ್ಞಾನಿ ಅಲ್ಲ, ಓದಿದ್ದು ಸ್ವಲ್ಪ, ತೋಟದಲ್ಲಿ ನೋಡಿದ್ದು ಸ್ವಲ್ಪ.

ಹುಳ ಎಲ್ಲಾ ಕಡೆ ಇರುತ್ತೆ, ಬೆಟ್ಟದ ಹುಳದಲ್ಲಿ ಏನು ಸ್ಪೆಷಲ್?

ಬಯಲಲ್ಲಿ ನೂರು ಕಿಲೋಮೀಟರ್ ಹೋದ್ರೂ ಹವಾ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಬೆಟ್ಟದಲ್ಲಿ ಹಂಗಲ್ಲ, ಪೇಟೆಯಿಂದ ಬೈಕಲ್ಲಿ ಹೊರಟ್ರೆ ಅರ್ಧ ಗಂಟೆಯಲ್ಲಿ ಸ್ವೆಟರ್ ಹುಡುಕ್ಬೇಕಾಗುತ್ತೆ. ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು 6 ಡಿಗ್ರಿ ಕಮ್ಮಿ ಆಗುತ್ತೆ ಅಂತ ಲೆಕ್ಕ. ಹುಳಗಳಿಗೆ ನಮ್ಮ ಥರ ಒಳಗಡೆ ಬಾಯ್ಲರ್ ಇಲ್ಲ, ಹೊರಗೆ ಎಷ್ಟು ಬಿಸಿ ಇದ್ಯೋ ಮೈಯೂ ಹೆಚ್ಚುಕಮ್ಮಿ ಅಷ್ಟೇ. ಹಂಗಾಗಿ ಒಂದೊಂದು ಎತ್ತರಕ್ಕೂ ಒಂದೊಂದು ಗುಂಪು, ಒಂದೇ ಗುಡ್ಡದಲ್ಲಿ ಮಹಡಿ ಮಹಡಿ ಮನೆ ಕಟ್ಟಿದಂಗೆ.

ಇನ್ನೊಂದು ವಿಷಯ. ನಮ್ಮ ಕಡೆ ವರ್ಷ ಪೂರ್ತಿ ಹವಾ ಅಷ್ಟೇನೂ ಏರುಪೇರಾಗಲ್ಲ, ಹಿಮ ಬೀಳಲ್ಲ, ಐವತ್ತು ಡಿಗ್ರಿ ಬಿಸಿಲೂ ಇಲ್ಲ. ಅದಕ್ಕೇ ಇಲ್ಲಿನ ಹುಳಗಳಿಗೆ ತಡ್ಕೊಳ್ಳೋ ಅಭ್ಯಾಸಾನೂ ಕಮ್ಮಿ. 1967ರಲ್ಲೇ ಡ್ಯಾನಿಯಲ್ ಜಾನ್ಜೆನ್ ಅನ್ನೋ ಅಮೆರಿಕದ ವಿಜ್ಞಾನಿ ಹೇಳಿದ್ದು ಇದನ್ನೇ. ಅಲ್ಲಿ ಚಳಿದೇಶದ ಹುಳ ಬೇಸಿಗೇನೂ ನೋಡಿರುತ್ತೆ ಹಿಮಾನೂ ನೋಡಿರುತ್ತೆ, ಅದಕ್ಕೆ ಬೆಟ್ಟ ದಾಟೋದು ಕಷ್ಟ ಇಲ್ಲ. ನಮ್ಮ ಉಷ್ಣವಲಯದ ಹುಳಕ್ಕೆ ಅಷ್ಟೇ ಎತ್ತರದ ಬೆಟ್ಟ ಇನ್ನೂ ದೊಡ್ಡ ಗೋಡೆ.

ಮೇಲೆ ಹೋದಷ್ಟೂ ಹುಳ ಕಮ್ಮಿ ಅಲ್ವಾ, ಮತ್ತ್ಯಾಕೆ ತಲೆ ಕೆಡಿಸ್ಕೋಬೇಕು?

ಲೆಕ್ಕಕ್ಕೆ ಕಮ್ಮಿ, ಹೌದು. ಇರುವೆ ತಗೊಳ್ಳಿ, ಕೆಳಗಡೆ ಕಾಡಲ್ಲಿ ಕಾಲಿಡೋ ಕಡೆಯೆಲ್ಲ ಒಂದೊಂದು ಜಾತಿ, ಗಿರಿ ತುದಿಗೆ ಹೋದ್ರೆ ಬೆರಳೆಣಿಕೆ. ಆದ್ರೆ ಮೇಲಿರೋವು ಬೇರೆ ಕಡೆ ಸಿಗಲ್ಲ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿ ಚಿಟ್ಟೆ ಇದೆ, ಅದ್ರಲ್ಲಿ ಪಳನಿ ಫ್ರಿಟಿಲರಿ, ನೀಲಗಿರಿ ಕ್ಲೌಡೆಡ್ ಯೆಲ್ಲೋ ಅಂತ ಎರಡು ಇದಾವೆ, ನೀಲಗಿರಿ ಪಳನಿ ಆನೆಮಲೆ ಕಡೆಯ ಎತ್ತರದ ಹುಲ್ಲುಗಾವಲು ಮತ್ತೆ ಶೋಲಾ (ಗುಡ್ಡದ ಮಡಿಲಲ್ಲಿರೋ ಕುಳ್ಳು ಮರಗಳ ಕಾಡು) ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಮಂಗಳೂರು ಸೆಕೇಲಿ ಬದುಕೋ ಚಿಟ್ಟೆ ಗೋವಾದಲ್ಲೂ ಬದುಕುತ್ತೆ, ಊಟಿ ಮೇಲಿನ ಚಿಟ್ಟೆಗೆ ಊಟಿ ಬಿಟ್ರೆ ಗತಿ ಇಲ್ಲ.

ಸೆಕೆ ಆದ್ರೆ ಸ್ವಲ್ಪ ಮೇಲಕ್ಕೆ ಹೋಗ್ತವೆ, ಅಷ್ಟೇ ತಾನೆ?

ಇದನ್ನ ಕೇಳದೇ ಇರೋರೇ ಇಲ್ಲ. ಒಂದು ಲೆಕ್ಕ ಹಾಕೋಣ ಬನ್ನಿ. ಸಾವಿರ ಮೀಟರಿಗೆ 6 ಡಿಗ್ರಿ ಅಂದ್ರೆ ಒಂದು ಡಿಗ್ರಿಗೆ ಸುಮಾರು 165 ಮೀಟರ್. ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಈಗ 1600 ಮೀಟರಲ್ಲಿ ಆರಾಮಾಗಿರೋ ಒಂದು ಹುಳಕ್ಕೆ ಅದೇ ತಂಪು ಬೇಕು ಅಂದ್ರೆ, ಎರಡು ಡಿಗ್ರಿ ಏರಿದಾಗ 1930ಕ್ಕೆ ಹೋಗ್ಬೇಕು. 1930 ಅಂದ್ರೆ ತುತ್ತತುದೀಲಿರೋ ಮುಳ್ಳಪ್ಪಸ್ವಾಮಿ ಗದ್ದುಗೆ ಹತ್ರಾನೇ ನಿಂತ್ಕೋಬೇಕು, ಅಲ್ಲಿ ಭಾನುವಾರ ಮನುಷ್ಯರಿಗೇ ಜಾಗ ಇರಲ್ಲ. ಮೇಲೆ ಹೋದಷ್ಟೂ ಗುಡ್ಡ ಚೂಪಾಗುತ್ತೆ, ಜಾಗ ಕಮ್ಮಿ, ಅದು ತಿನ್ನೋ ಗಿಡ ಅಲ್ಲಿ ಇರ್ಬೇಕು, ಆ ಗಿಡಕ್ಕೆ ಮಣ್ಣು ಇರ್ಬೇಕು, ಬಂಡೆ ಮೇಲೆ ಹೋಗಿ ಏನ್ ತಿನ್ನುತ್ತೆ. ಹಿಮಾಲಯದಲ್ಲಿ ಇನ್ನೂ ಮೇಲಕ್ಕೆ ಜಾಗ ಇದೆ, ನಮ್ಮ ಗಿರಿಗಳು ಕುಳ್ಳು.

ಪಕ್ಕದ ಗುಡ್ಡಕ್ಕೆ ಹಾರಬಹುದಲ್ವಾ ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೇ ಪ್ರಶ್ನೆ. ಹಾರಬೇಕಾದ್ರೆ ಮೊದಲು ಕೆಳಗಿಳೀಬೇಕು, ಅಲ್ಲಿ ಅದಕ್ಕೆ ತಡೆಯಕ್ಕಾಗದ ಸೆಕೆ. ನಮಗೆ ಗುಡ್ಡ, ಅದಕ್ಕೆ ಸಮುದ್ರದ ಮಧ್ಯದ ದ್ವೀಪ.

ಇದಕ್ಕೆಲ್ಲ ಪ್ರೂಫ್ ಏನಿದೆ? ಯಾರಾದ್ರೂ ಅಳೆದಿದಾರಾ?

ಅಳೆದಿದಾರೆ. ಬೋರ್ನಿಯೋದ ಕಿನಬಾಲು ಬೆಟ್ಟದಲ್ಲಿ 1965ರಲ್ಲಿ ಪತಂಗಗಳನ್ನ ಬೇರೆ ಬೇರೆ ಎತ್ತರದಲ್ಲಿ ಹಿಡಿದು ಲೆಕ್ಕ ಇಟ್ಟಿದ್ರು. 42 ವರ್ಷ ಆದ್ಮೇಲೆ 2007ರಲ್ಲಿ ಅದೇ ಜಾಗಗಳಿಗೆ ಹೋಗಿ ಮತ್ತೆ ಲೈಟ್ ಹಾಕಿದ್ರು. ನೂರಾಎರಡು ಜಾತಿ ಹೋಲಿಸಿ ನೋಡಿದ್ರೆ ಸರಾಸರಿ 67 ಮೀಟರ್ ಮೇಲಕ್ಕೆ ಹೋಗಿದ್ವು. ಸ್ಪೇನಿನ ಗ್ವಾದರಾಮ ಬೆಟ್ಟಗಳಲ್ಲಿ ಚಿಟ್ಟೆಗಳ ಕೆಳಗಿನ ಗಡಿ ಸುಮಾರು 30 ವರ್ಷದಲ್ಲಿ 212 ಮೀಟರ್ ಮೇಲಕ್ಕೆ ಸರಿದಿತ್ತು, ಅಷ್ಟರಲ್ಲಿ ಅಲ್ಲಿ ಬಿಸಿ ಏರಿದ್ದು 1.3 ಡಿಗ್ರಿ. ಕೆಳಗಿನ ಗಡಿ ಅನ್ನೋದನ್ನ ಗಮನಿಸಿ, ಅಂದ್ರೆ ಕೆಳಗಿನ ಮನೆ ಖಾಲಿ ಮಾಡಿದಾವೆ.

ನನಗೆ ಇದ್ರಲ್ಲಿ ಇಷ್ಟ ಆಗಿದ್ದು ಏನಂದ್ರೆ, 1965ರಲ್ಲಿ ಯಾರೋ ಕೂತು ಸರಿಯಾಗಿ ಬರೆದಿಟ್ಟಿದ್ರಿಂದ 2007ರಲ್ಲಿ ಹೇಳಕ್ಕಾಯ್ತು. ಈ ಮಾತು ಕೆಳಗೆ ಮತ್ತೆ ಬರುತ್ತೆ.

ನಾವು ಟ್ರೆಕ್ ಹೋದಾಗ ಗುಡ್ಡದ ತುತ್ತತುದೀಲಿ ತುಂಬಾ ಚಿಟ್ಟೆ ಇದ್ವು. ಸೆಕೆಗೆ ಓಡಿ ಬಂದಿರೋವಾ?

ಅಯ್ಯೋ, ಎಲ್ಲದಕ್ಕೂ ಅದೇ ಕಾರಣ ಅಲ್ಲ. ಬಹಳ ಜಾತಿಗಳಲ್ಲಿ ಗಂಡು ಚಿಟ್ಟೆಗಳು ಹೆಣ್ಣು ಹುಡುಕ್ಕೊಂಡು ಗುಡ್ಡದ ತುದಿಗೆ ಬಂದು ಕಾಯ್ತವೆ, ಅದು ಅವುಗಳ ಹಳೇ ಪದ್ಧತಿ, ಜಾತ್ರೇಲಿ ಹುಡುಗರು ತೇರಿನ ಹತ್ರ ನಿಂತಂಗೆ. ಒಂದು ದಿನ ಒಂದು ಜಾಗದಲ್ಲಿ ಕಂಡಿದ್ದರಿಂದ ಏನೂ ಹೇಳಕ್ಕಾಗಲ್ಲ.

ನಮ್ಮ ಕಡೆ ಬಿಸಿ ಎಷ್ಟು ಏರಿದೆ?

ಇಡೀ ದೇಶದ ಸರಾಸರಿ 1901ರಿಂದ 2018ರ ತನಕ ಸುಮಾರು 0.7 ಡಿಗ್ರಿ ಅಂತ ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದೀಲಿದೆ. ಇಷ್ಟೇನಾ ಅನ್ಸುತ್ತೆ. ಅದೇ ವರದೀಲಿ ಇನ್ನೊಂದು ಸಾಲಿದೆ, ನನಗೆ ಅದೇ ಮುಖ್ಯ: 1951ರಿಂದ 2015ರೊಳಗೆ ಮುಂಗಾರು ಮಳೆ ಸುಮಾರು 6 ಪರ್ಸೆಂಟ್ ಕಮ್ಮಿ ಆಗಿದೆ, ಎದ್ದು ಕಾಣೋ ಹಂಗೆ ಕಮ್ಮಿ ಆಗಿರೋ ಕಡೆಗಳಲ್ಲಿ ಪಶ್ಚಿಮ ಘಟ್ಟಾನೂ ಒಂದು.

ನನ್ನ ಕೇಳಿದ್ರೆ ನಮ್ಮ ಹುಳಗಳಿಗೆ ಥರ್ಮಾಮೀಟರಿಗಿಂತ ಮಳೆಯ ಟೈಮಿಂಗೇ ದೊಡ್ಡ ವಿಷಯ. ಇಲ್ಲಿ ಹುಳದ ಕ್ಯಾಲೆಂಡರ್ ಶುರುವಾಗೋದು ಯುಗಾದಿಗಲ್ಲ, ಮೊದಲ ಮಳೆಗೆ. ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದು ನಿಂತ ಸಂಜೆ ಗೆದ್ದಲ ಹುತ್ತದಿಂದ ಈಸಲು ಹೊರಡ್ತವೆ. ನಮ್ಮಜ್ಜಿ ಆವತ್ತು ಲೈಟ್ ಎಲ್ಲ ಆರಿಸಿ, ಅಂಗಳದಲ್ಲಿ ಬೇಸಿನ್ನಲ್ಲಿ ನೀರಿಟ್ಟು ಪಕ್ಕಕ್ಕೆ ಒಂದು ದೀಪ ಇಡೋರು, ಇಲ್ದಿದ್ರೆ ಅನ್ನದ ಪಾತ್ರೆ ತುಂಬಾ ರೆಕ್ಕೆ. ಬೆಳಗ್ಗೆ ನೋಡಿದ್ರೆ ಜಗಲಿ ಮೇಲೆ ರೆಕ್ಕೆಗಳ ರಾಶಿ, ಕೋಳಿಗಳಿಗೆ ಹಬ್ಬ. ಈ ಒಂದು ಸಂಜೆಗೆ ಕಾಯ್ಕೊಂಡು ಎಷ್ಟು ಹಕ್ಕಿ, ಕಪ್ಪೆ, ಬಾವಲಿ ಇರ್ತವೆ ಯೋಚ್ನೆ ಮಾಡಿ. ಮಾರ್ಚಲ್ಲೇ ಮೂರು ಇಂಚು ಹೊಡೆದು ಆಮೇಲೆ ಜೂನ್ ಅರ್ಧ ಆದ್ರೂ ಬರದೇ ಇದ್ರೆ ಎಲ್ಲಾದರ ಲೆಕ್ಕಾನೂ ತಪ್ಪುತ್ತೆ.

ಕಾಫಿ ಹೂವಿಗೂ ಇದಕ್ಕೂ ಏನ್ ಸಂಬಂಧ?

ತೋಟದವರಿಗೆ ಗೊತ್ತಿರೋದೇ, ಬೇರೆಯವರಿಗೆ ಹೇಳ್ತೀನಿ. ಫೆಬ್ರವರಿ ಮಾರ್ಚಲ್ಲಿ ಒಂದು ಹೂಮಳೆ ಬೇಕು, ಅದಾಗಿ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಒಂದೇ ಸಲ ಬೆಳ್ಳಗಾಗುತ್ತೆ, ಎರಡು ಮೂರು ದಿನದಲ್ಲಿ ಮುಗೀತು, ಹೂವು ಕಂದು ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಕಾಯಿ ನಿಲ್ಲಕ್ಕೆ ಬ್ಯಾಕಿಂಗ್ ಮಳೆ. ಅರೇಬಿಕಾ ತನ್ನ ಹೂವಿನ ಪುಡೀಲೇ ಕಾಯಿ ಕಟ್ಕೊಳ್ಳುತ್ತೆ, ರೊಬಸ್ಟಾಗೆ ಬೇರೆ ಗಿಡದ್ದೇ ಬೇಕು, ಗಾಳಿ ಸ್ವಲ್ಪ ತರುತ್ತೆ, ಜೇನು ಬಹಳ ತರುತ್ತೆ. ಕೊಡಗಿನ ತೋಟಗಳಲ್ಲಿ ನೋಡಿದಾಗ ಈ ಕೆಲಸಕ್ಕೆ ಮುಖ್ಯವಾಗಿ ಬರೋದು ಹೆಜ್ಜೇನು ಅಂತ ಗೊತ್ತಾಗಿದೆ.

ಹೆಜ್ಜೇನು ನಮ್ಮ ಸಾಕಿದ ಜೇನಲ್ಲ, ವಲಸೆ ಬರೋದು. ಬೇಸಿಗೆ ಹೂವಿನ ಕಾಲಕ್ಕೆ ಬಂದು ದೊಡ್ಡ ಮರ, ಬಂಡೆಗೆ ಕಟ್ಟಿ, ಮಳೆ ಹಿಡಿಯೋ ಹೊತ್ತಿಗೆ ಹೋಗುತ್ತೆ. ಹೂಮಳೆ ಜನವರಿಯಲ್ಲೇ ಸುರಿದ್ರೆ ರೊಬಸ್ಟಾ ಗಿಡದಲ್ಲಿ ಒಂದು ಕಡೆ ಕುಯ್ಯದೇ ಇರೋ ಹಣ್ಣು, ಅದೇ ಕೊಂಬೇಲಿ ಹೂವು, ಕುಯ್ಯೋಕೆ ಹೋದ್ರೆ ಹೂವು ಉದುರುತ್ತೆ, ಬಿಟ್ರೆ ಹಣ್ಣು ಉದುರುತ್ತೆ. ನಾವು ಆ ಸಂಕಟದಲ್ಲಿದ್ದಾಗ ಜೇನು ಬಂತಾ ಇಲ್ವಾ ಅಂತ ನೋಡೋರ್ಯಾರು. ನಾನು ಒಂದು ವರ್ಷ ಹಂಗೆ ಜನವರಿ ಹೂವಲ್ಲಿ ಬೆಳಗ್ಗೆ ಒಂದು ಗಂಟೆ ಗಿಡದ ಬುಡದಲ್ಲಿ ಕೂತು ನೋಡಿದೆ, ಪೆಟ್ಟಿಗೇಲಿ ಸಾಕೋ ತುಡುವೆ ಜೇನು ಇದ್ವು, ಸಣ್ಣ ನಸರಿ ಜೇನು ಇದ್ವು, ಹೆಜ್ಜೇನಿನ ಆ ಹೊಯ್ ಅನ್ನೋ ಶಬ್ದ ಇರಲಿಲ್ಲ. ಒಂದೇ ವರ್ಷ, ಒಂದೇ ತೋಟ, ಇದನ್ನ ಸಾಕ್ಷಿ ಅಂತ ತಗೋಬೇಡಿ.

ಬೋರರ್ ಜಾಸ್ತಿ ಆಗಿರೋದೂ ಇದ್ರಿಂದಾನೇನಾ?

ಸ್ವಲ್ಪ ಉದ್ದದ ಉತ್ತರ. ಬೋರರ್ ಅಂದ್ರೆ ಕೊರೆಯೋ ಹುಳ, ಅದ್ರಲ್ಲಿ ಬಿಳಿ ಕಾಂಡಕೊರಕ ಅರೇಬಿಕಾದ ಶತ್ರು. ದುಂಬಿ ನೋಡಕ್ಕೆ ಏನೂ ಇಲ್ಲ, ಬೆರಳುಗುರಿನ ಮೇಲೆ ಹಿಡಿಸೋ ಕಪ್ಪು ಮೈ, ಮೇಲೆ ಬಿಳಿ ಗೆರೆ. ವರ್ಷಕ್ಕೆರಡು ಸಲ ಹಾರಾಟ, ಏಪ್ರಿಲ್ ಮೇ ಒಂದ್ಸಲ, ಮಳೆಗಾಲ ಕಳೆದು ಅಕ್ಟೋಬರಿಂದ ಡಿಸೆಂಬರ್ ಒಂದ್ಸಲ. ಹೆಣ್ಣು ಬಿಸಿಲು ಬೀಳೋ ಕಾಂಡ ಹುಡುಕಿ ತೊಗಟೆ ಬಿರುಕಲ್ಲಿ ಮೊಟ್ಟೆ ಇಡುತ್ತೆ. ನೆರಳಿರೋ ಗಿಡ ಅದಕ್ಕೆ ಇಷ್ಟ ಇಲ್ಲ. ಗಿಡ ಹಳದಿ ಆದಾಗ ಕಿತ್ತು ಉದ್ದಕ್ಕೆ ಸೀಳಿ ನೋಡಿ, ಒಳಗೆ ಅಂಕುಡೊಂಕು ಸುರಂಗ, ಗಟ್ಟಿಯಾಗಿ ತುರುಕಿದ ಮರದ ಪುಡಿ, ಕೊನೇಲಿ ಬಿಳೀ ಹುಳ ಮುದುಡ್ಕೊಂಡು ಕೂತಿರುತ್ತೆ. ಇಪ್ಪತ್ತು ವರ್ಷದ ಗಿಡ ಹಿಡಿದೆಳೆದ್ರೆ ಕೈಗೆ ಬರುತ್ತೆ.

ಬಿಸಿ ಏರಿದ್ರೆ ಹುಳದ ಬೆಳವಣಿಗೆ ಬೇಗ, ಬಿಸಿಲು ಹೆಚ್ಚಿದ್ರೆ ಅದಕ್ಕೆ ಅನುಕೂಲ, ಅಷ್ಟು ನಿಜ. ಆದ್ರೆ ಬಿಸಿಲು ತೋಟಕ್ಕೆ ತಂದಿದ್ದು ಬರೀ ಆಕಾಶ ಅಲ್ಲ, ನಾವೂ. ದಟ್ಟ ನೆರಳು ಕೊಡ್ತಿದ್ದ ಅತ್ತಿ, ಬಸರಿ, ನಂದಿ, ಹಲಸು ಇದ್ದ ಜಾಗದಲ್ಲಿ ಮೆಣಸು ಹಬ್ಬಿಸಕ್ಕೆ ಅಂತ ಸಿಲ್ವರ್ ಓಕ್ ಸಾಲು ನಿಲ್ಲಿಸಿದ್ವಿ. ನಮ್ಮ ತೋಟದಲ್ಲೂ ಹಂಗೇ, ನಮ್ಮಪ್ಪನೇ ನೆಟ್ಟಿದ್ದು, ಯಾರನ್ನ ಬೈಯೋಣ.

ಹಣ್ಣು ಕೊರೆಯೋ ಬೆರ್ರಿ ಬೋರರ್ ಇನ್ನೊಂದು. ಅದು ನಮ್ಮ ದೇಶದ್ದೇ ಅಲ್ಲ, ಆಫ್ರಿಕಾದ್ದು, ಇಲ್ಲಿ ಮೊದಲು ಕಂಡಿದ್ದು 1990ರಲ್ಲಿ ಗೂಡಲೂರಲ್ಲಿ. ಕಿಲಿಮಂಜಾರೋ ಬೆಟ್ಟದಲ್ಲಿ ಹತ್ತು ವರ್ಷದಲ್ಲಿ ಅದು 300 ಮೀಟರ್ ಮೇಲಿನ ತೋಟಗಳಿಗೆ ಹತ್ತಿದೆ. ತಮಾಷೆ ನೋಡಿ, ನಮಗೆ ಬೇಕಾದ ಚಿಟ್ಟೆಗೆ ಮೇಲೆ ಜಾಗ ಇಲ್ಲ, ಬೇಡದ ಬೋರರಿಗೆ ಮೇಲೆಲ್ಲ ಹೊಸಾ ತೋಟ.

ಜೇನುಪೆಟ್ಟಿಗೆ ಎಲ್ಲ ಖಾಲಿ ಆಗಿದ್ದು ಹವಾಮಾನದಿಂದ ಅಂತಾರೆ?

1990ರ ದಶಕದ ಮೊದಲಲ್ಲಿ ಕೊಡಗು, ಮಲೆನಾಡಲ್ಲಿ ತುಡುವೆ ಪೆಟ್ಟಿಗೆಗಳು ಖಾಲಿ ಆಗಿದ್ದಕ್ಕೆ ಕಾರಣ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್. ಮರಿಹುಳ ಗೂಡಲ್ಲೇ ನೀರು ತುಂಬಿದ ಚೀಲದಂಗಾಗಿ ಸಾಯ್ತಿತ್ತು. ಅದನ್ನ ಹವಾಮಾನದ ತಲೆಗೆ ಕಟ್ಟಬೇಡಿ. ಔಷಧಿ ಹೊಡೆಯೋದು, ಬೇಸಿಗೇಲಿ ಹುಲ್ಲುಗಾವಲಿಗೆ ಬೆಂಕಿ, ಲಂಟಾನ, ರೆಸಾರ್ಟ್ ಲೈಟು, ರಸ್ತೆ ಅಗಲ ಮಾಡೋದು, ಇದನ್ನೆಲ್ಲ ಮಾಡಿ ಆಮೇಲೆ ಕ್ಲೈಮೇಟ್ ಚೇಂಜ್ ಅಂತ ಕೈ ತೊಳ್ಕೊಳ್ಳೋದು ಈಗ ಸುಲಭ ಆಗ್ಬಿಟ್ಟಿದೆ.

ಅಕ್ಟೋಬರಲ್ಲಿ ಸಾವಿರಾರು ಚಿಟ್ಟೆ ಒಂದೇ ಕಡೆ ಹಾರ್ತಾ ಹೋಗ್ತವಲ್ಲ, ಅದೇನು?

ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಇವುಗಳ ವಲಸೆ. ಮುಂಗಾರಿಗೆ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ ಹೋಗ್ತವೆ, ಮಳೆಗಾಲ ಕಳೆದ್ಮೇಲೆ ವಾಪಸ್ ಘಟ್ಟಕ್ಕೆ. ದಾರೀಲಿ ಗಿಲಿಗಿಚ್ಚಿ ಗಿಡ ಕಂಡ್ರೆ ಮುತ್ಕೊಂಡು ಕೂರ್ತವೆ, ಎಲೆ ಕಾಣದ ಹಂಗೆ. ಅದ್ರ ರಸದಲ್ಲಿರೋ ವಿಷ ಗಂಡು ಚಿಟ್ಟೆಗೆ ಹೆಣ್ಣನ್ನ ಒಲಿಸ್ಕೊಳ್ಳಕ್ಕೆ ಬೇಕು. ಬೆಂಗಳೂರಲ್ಲೂ ಕಾಣುತ್ತೆ ಈ ವಲಸೆ, ಸಿಗ್ನಲ್ಲಲ್ಲಿ ನಿಂತಾಗ ಮೊಬೈಲ್ ಬಿಟ್ಟು ತಲೆ ಎತ್ತಿದ್ರೆ. ಪೂರ್ತಿ ಮಳೆ ನೋಡ್ಕೊಂಡು ನಡೆಯೋ ಪ್ರಯಾಣ ಇದು.

ಮಿಂಚುಹುಳ ಕಮ್ಮಿ ಆಗಿದೆ ಅಲ್ವಾ?

ನಮ್ಮ ಮನೆ ಮುಂದಿನ ಗದ್ದೇಲಿ ಕಮ್ಮಿ ಆಗಿದೆ, ಹಿಂದಿನ ಹಳ್ಳದಲ್ಲಿ ಆಗಿಲ್ಲ. ಮುಂದೆ ಬೀದಿದೀಪ ಬಂತು, ಹಿಂದೆ ಬಂದಿಲ್ಲ. ಮರಿಹುಳ ಒದ್ದೆ ಮಣ್ಣಲ್ಲಿ ಬಸವನಹುಳ ತಿಂದ್ಕೊಂಡು ಬೆಳೆಯುತ್ತೆ, ಸೊ ಮಣ್ಣು ಒಣಗಿದ್ರೂ ಕಷ್ಟ, ಆದ್ರೆ ಗಂಡು ಹೆಣ್ಣು ಬೆಳಕಲ್ಲೇ ಮಾತಾಡೋ ಹುಳಕ್ಕೆ ಎಲ್‌ಇಡಿ ಬಲ್ಬ್ ಅಂದ್ರೆ ಮದುವೆ ಮನೇಲಿ ಡಿಜೆ ಹಾಕಿದಂಗೆ, ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ.

ಕುರಿಂಜಿ ಹೂವು?

ಹನ್ನೆರಡು ವರ್ಷಕ್ಕೊಂದ್ಸಲ ಅರಳೋದು, 2018ರಲ್ಲಿ ಮುನ್ನಾರ್, 2022ರಲ್ಲಿ ನಮ್ಮ ಗಿರಿ. ಆ ವರ್ಷ ಜೇನಿಗೆ ಸುಗ್ಗಿ. ಜನ ಸಾಲುಗಟ್ಟಿ ಬಂದು ಹೂವಿನ ಮೇಲೇ ಕೂತು ಸೆಲ್ಫಿ ತೆಗೆದ್ರು. ಜಾಸ್ತಿ ಮಾತಾಡಿದ್ರೆ ಬಿಪಿ ಏರುತ್ತೆ, ಮುಂದಿನ ಪ್ರಶ್ನೆ.

ಕಾಡಿಗೆ ಹೋದ್ರೆ ಉಣುಗು ಜಾಸ್ತಿ ಆಗಿದೆ, ಅದೂ ಕೀಟಾನೇ ಅಲ್ವಾ?

ಅಲ್ಲ. ಬೆಳೆದ ಉಣುಗಿಗೆ ಎಂಟು ಕಾಲು, ಜೇಡರ ಕಡೆಯ ನೆಂಟ. ಕೀಟಕ್ಕೆ ಆರೇ ಕಾಲು. ಮಂಗನ ಕಾಯಿಲೆ ಹರಡೋದು ಉಣುಗಿಂದ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗ್ದೆ ಆರೋಗ್ಯ ಇಲಾಖೆಗೆ ಹೇಳಿ, ಅಷ್ಟೇ.

ಹುಳ ಕಮ್ಮಿ ಆದ್ರೆ ಒಳ್ಳೇದೇ ಅಲ್ವಾ?

ಅಲ್ಲ, ಹುಳಾನೇ ನಂಬ್ಕೊಂಡು ಬದುಕೋವು ಇದಾವೆ. ಆಸ್ಟ್ರೇಲಿಯಾದಲ್ಲಿ ಬೋಗಾಂಗ್ ಅಂತ ಒಂದು ಪತಂಗ. ಬೇಸಿಗೆ ಕಳೆಯಕ್ಕೆ ಬಯಲಿಂದ ಸಾವಿರ ಕಿಲೋಮೀಟರ್ ತನಕ ಹಾರಿ ಬೆಟ್ಟದ ಗುಹೆಗಳಿಗೆ ಬಂದು, ಗೋಡೆಗೆ ಹೆಂಚು ಹೊದಿಸಿದಂಗೆ ಒತ್ತೊತ್ತಾಗಿ ಕೂರುತ್ತೆ. ಕೆಳಗೆ ಅದು ಮರಿ ಮಾಡೋ ಬಯಲಲ್ಲಿ ಬರ ಬಂತು, 2017–18ರ ಹೊತ್ತಿಗೆ ಗುಹೆಗಳು ಬಣಬಣ. ಆ ಬೆಟ್ಟದ ಮೇಲೆ ಮಾತ್ರ ಇರೋ ಇಲಿಯಷ್ಟು ದೊಡ್ಡ ಪಿಗ್ಮಿ ಪಾಸಮ್ ಅನ್ನೋ ಪ್ರಾಣಿ ಚಳಿನಿದ್ದೆ ಮುಗಿಸಿ ಎದ್ದಾಗ ತಿನ್ನೋದು ಈ ಪತಂಗಾನೇ. ಎದ್ದು ನೋಡಿದ್ರೆ ಊಟ ಇಲ್ಲ. ತೊಂದರೆ ಬಯಲಲ್ಲಿ, ಉಪವಾಸ ಬೆಟ್ಟದಲ್ಲಿ.

ನಮ್ಮ ಅಜ್ಜನ ಕಾಲದಲ್ಲಿ ಚಿಟ್ಟೆ ಜಾಸ್ತಿ ಇತ್ತು ಅಂತಾರಲ್ಲ, ಅದು ಲೆಕ್ಕಕ್ಕೆ ಬರಲ್ವಾ?

ನೆನಪು ಸುಳ್ಳು ಅನ್ನಲ್ಲ, ಆದ್ರೆ ನೆನಪಲ್ಲಿ ಹಲಸಿನಹಣ್ಣೂ ದೊಡ್ಡದಿರುತ್ತೆ. ನಮ್ಮ ತಾತ ಒಂದು ಮಳೆ ಪುಸ್ತಕ ಇಟ್ಟಿದ್ರು, ಹಳೇ ಅಕೌಂಟ್ ಬುಕ್, ದಿನಾ ಬೆಳಗ್ಗೆ ಅಂಗಳದ ಮಳೆಮಾಪಕದ ನೀರು ಅಳೆದು ಬರೆಯೋದು, ಒಂದು ಇಂಚು ಇಪ್ಪತ್ತು ಸೆಂಟ್ಸ್ (ನೂರು ಸೆಂಟ್ಸ್ ಅಂದ್ರೆ ಒಂದು ಇಂಚು), ಎಂಬತ್ತು ಸೆಂಟ್ಸ್, ನಿಲ್. ಅವರಾದ್ಮೇಲೆ ಅಪ್ಪ, ಈಗ ನಾನು. ಕಾಫಿ ಸೀಮೇಲಿ ಇಂಥ ಪುಸ್ತಕ ಎಷ್ಟೋ ಮನೇಲಿದೆ. ನಮ್ಮ ಹತ್ರ ಮಳೆದು ಸೆಂಟ್ ಸೆಂಟ್ ಲೆಕ್ಕ ಇದೆ, ಹುಳದ್ದು ಒಂದು ಸಾಲಿಲ್ಲ. ಇಡೀ ಪುಸ್ತಕ ತಿರುವಿದ್ರೆ ಒಂದೇ ಒಂದು ಕಡೆ, ಮೇ ತಿಂಗಳ ಒಂದು ದಿನ, ಅರವತ್ತು ಸೆಂಟ್ಸ್ ಅಂತ ಬರೆದು ಪಕ್ಕದಲ್ಲಿ ತಾತನ ಕೈಬರಹದಲ್ಲಿ "ಈಸಲು ಬಹಳ" ಅಂತಿದೆ. ಆ ಎರಡು ಪದ ನೋಡಿದ ದಿನದಿಂದ ನಾನು ಮಾರ್ಜಿನಲ್ಲಿ ಬರೆಯಕ್ಕೆ ಶುರು ಮಾಡಿದ್ದು.

ಸರಿ, ನಾವೇನ್ ಮಾಡ್ಬಹುದು?

ತೋಟ ಇದ್ರೆ ಮಳೆ ಬರೆಯೋ ಪುಸ್ತಕದಲ್ಲೇ ಪಕ್ಕಕ್ಕೆ ಬರೀರಿ: ಈಸಲು ಹೊರಟ ದಿನ, ಮೊದಲ ಮಿಂಚುಹುಳ, ಹೆಜ್ಜೇನು ಬಂದಿದ್ದು ಹೋಗಿದ್ದು, ಬೋರರ್ ಹಾರಿದ್ದು, ಜೀರುಂಡೆ ಕೂಗಕ್ಕೆ ಶುರು ಮಾಡಿದ್ದು. ದಿನಕ್ಕೆ ಎರಡು ಪದ ಸಾಕು, ಆದ್ರೆ ಪ್ರತಿ ವರ್ಷ. ಫೋಟೋ ಇದ್ರೆ ಐನ್ಯಾಚುರಲಿಸ್ಟ್ ಇಲ್ಲಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೆ ಹಾಕಿ, ಸೆಪ್ಟೆಂಬರಲ್ಲಿ ಬಿಗ್ ಬಟರ್‌ಫ್ಲೈ ಮಂತ್ ಅಂತ ದೇಶದಲ್ಲೆಲ್ಲ ಎಣಿಸ್ತಾರೆ, ಸೇರ್ಕೊಳ್ಳಿ. ಇರೋ ಕಾಡುಮರ ಕಡೀಬೇಡಿ. ಬೇಲೀಲಿ ಈಶ್ವರಬಳ್ಳಿ ಇದ್ರೆ ಕಳೆ ಅಂತ ಕೀಳ್ಬೇಡಿ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡೋದು ಅದೇ ಜಾತಿ ಬಳ್ಳಿ ಮೇಲೆ. ಹೊರಗಿನ ಲೈಟು ಮಲಗೋವಾಗ ಆರಿಸಿ.

ನೀವೇ ಲೈಟ್ ಹಾಕಿ ಪತಂಗ ಕರೀತೀರಲ್ಲ?

ಸಿಕ್ಕಿಬಿದ್ದೆ. ತಿಂಗಳಿಗೆ ಒಂದೆರಡು ರಾತ್ರಿ, ಎರಡು ಮೂರು ಗಂಟೆ, ಆಮೇಲೆ ಆರಿಸ್ತೀನಿ. ಬೆಳಗಾಗೋ ತನಕ ಬಿಟ್ರೆ ಪಂಚೆ ಮೇಲೆ ಕೂತಿರೋದನ್ನೆಲ್ಲ ಮಡಿವಾಳ ಹಕ್ಕಿ ಬಂದು ತಿಂಡಿ ಮಾಡುತ್ತೆ, ಒಂದ್ಸಲ ಹಂಗೆ ಮಾಡಿ ನೆಲದ ಮೇಲೆ ಬರೀ ರೆಕ್ಕೆ ನೋಡಿ ಬುದ್ಧಿ ಬಂದಿದೆ.

ಒಂದು ಹುಳದ ಫೋಟೋ ಕಳಿಸ್ಲಾ, ಹೆಸರು ಹೇಳ್ತೀರಾ?

ಕಳಿಸಿ. ಬೆರಳಲ್ಲಿ ಹಿಡಿದು ತೆಗೀಬೇಡಿ, ಕೂತಲ್ಲೇ ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೀರಿ, ಯಾವ ಗಿಡದ ಮೇಲಿತ್ತು ಅಂತಾನೂ ಹೇಳಿ. ತಾರೀಕು, ಊರು, ಎತ್ತರ ಎಷ್ಟು ಮೀಟರ್ ಅಂತ ಮರೀದೆ ಬರೀರಿ, ಫೋನಲ್ಲೇ ತೋರಿಸುತ್ತೆ. ಹೆಸರು ನಾನು ತಪ್ಪು ಹೇಳಿದ್ರೂ ಇನ್ನೊಬ್ರು ಸರಿ ಮಾಡ್ತಾರೆ, ಎತ್ತರ ಬರೆಯದೇ ಹೋದ್ರೆ ಆಮೇಲೆ ಯಾರಿಂದ್ಲೂ ಸೇರಿಸಕ್ಕಾಗಲ್ಲ.